ಹಾಸ್ಟೆಲ್ ಊಟ, ಮೂರು ಸಾವಿರ ಬಜೆಟ್: ಜಿಮ್‌ಗೆ ಹೊಸಬ, ಪೌಡರ್ ಬೇಕಾ ಬೇಡ್ವಾ?

ದಾವಣಗೆರೆ_57ಕೆಜಿ

ಎಲ್ರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದ್ತಿದ್ದೀನಿ. ವಯಸ್ಸು 20, ಎತ್ತರ 5 ಅಡಿ 8 ಇಂಚು, ತೂಕ 57 ಕೆಜಿ. ಹೋದ ತಿಂಗಳು ಜಿಮ್ ಸೇರಿದೆ, ವಾರಕ್ಕೆ ನಾಲ್ಕು ದಿನ ತಪ್ಪದೆ ಹೋಗ್ತೀನಿ. ತಿನ್ನೋದೆಲ್ಲ ಹಾಸ್ಟೆಲ್ ಮೆಸ್‌ನಲ್ಲೇ. ಬೆಳಿಗ್ಗೆ ಇಡ್ಲಿ, ಉಪ್ಪಿಟ್ಟು ಇಲ್ಲಾಂದ್ರೆ ಚಿತ್ರಾನ್ನ. ಮಧ್ಯಾಹ್ನ ಎರಡು ಚಪಾತಿ, ಪಲ್ಯ, ಅನ್ನ, ಸಾಂಬಾರ್, ಮಜ್ಜಿಗೆ. ರಾತ್ರಿನೂ ಹೆಚ್ಚುಕಮ್ಮಿ ಅದೇ. ಮನೇಲಿ ಮಾಂಸ ಮಾಡಲ್ಲ, ನಾನು ಹೊರಗಡೆ ಮೊಟ್ಟೆ ತಿಂತೀನಿ, ಅಷ್ಟೇ.

ಜಿಮ್ಮಿನ ಟ್ರೈನರ್ ಒಂದು ಪಟ್ಟಿ ಕೊಟ್ಟಿದ್ದಾರೆ: ವೇ ಪ್ರೋಟೀನ್, ಮಾಸ್ ಗೇನರ್, ಬಿಸಿಎಎ, ಪ್ರಿ-ವರ್ಕೌಟ್, ಮಲ್ಟಿವಿಟಮಿನ್. ಎಲ್ಲ ಸೇರಿ ಹನ್ನೊಂದು ಸಾವಿರ ಆಗುತ್ತಂತೆ, ಅವರ ಹತ್ರಾನೇ ಸಿಗುತ್ತಂತೆ. ನನ್ನ ಕೈಲಿ ತಿಂಗಳಿಗೆ ಹೆಚ್ಚಂದ್ರೆ ಮೂರು ಸಾವಿರ ಹಾಕೋಕಾಗುತ್ತೆ. ಇದರಲ್ಲಿ ಯಾವುದನ್ನ ಮೊದಲು ತಗೋಬೇಕು? ಒಂದೂ ತಗೊಳ್ಳದೆ ಮೈ ಬರಲ್ವಾ? ಗೊತ್ತಿರೋರು ದಯವಿಟ್ಟು ಹೇಳಿ.

ಆಹಾರತಜ್ಞೆ_ಮೈಸೂರು

ಪಟ್ಟಿಯನ್ನು ಸದ್ಯಕ್ಕೆ ಮಡಚಿ ಇಟ್ಟುಬಿಡಿ. ಮೊದಲು ನಿಮ್ಮ ಲೆಕ್ಕ ನೋಡೋಣ.

ಕೂತು ಕೆಲಸ ಮಾಡುವ ಆರೋಗ್ಯವಂತ ವಯಸ್ಕರಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ ಒಂದು ಕೆಜಿ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ಭಾರ ಎತ್ತುವವರಿಗೆ ಅದು ಸಾಲದು. ಕ್ರೀಡಾ ಪೋಷಣೆಯವರು ಒಪ್ಪುವುದು 1.4ರಿಂದ 2 ಗ್ರಾಂ. ಮಾಂಸಖಂಡ ಬೆಳೆಯುವ ಮಟ್ಟಿಗೆ 1.6 ದಾಟಿದ ಮೇಲೆ ಸಿಗುವ ಲಾಭ ತುಂಬಾ ಕಡಿಮೆ. ನಿಮ್ಮ 57 ಕೆಜಿಗೆ ದಿನಕ್ಕೆ 90 ಗ್ರಾಂ ಅಂತ ಇಟ್ಟುಕೊಳ್ಳಿ.

ಈಗ ಮೆಸ್ ಊಟದಲ್ಲಿ ಎಷ್ಟು ಸಿಗುತ್ತಿದೆ? ನಾಲ್ಕು ಚಪಾತಿಯಿಂದ 12 ಗ್ರಾಂ. ಎರಡು ಹೊತ್ತಿನ ಅನ್ನದಿಂದ ಹತ್ತಿರ ಹತ್ತಿರ 20. ಬೆಳಗಿನ ತಿಂಡಿಯಿಂದ ಆರು. ಸಾಂಬಾರ್, ಪಲ್ಯ, ಮಜ್ಜಿಗೆ ಸೇರಿ ಎಂಟು ಹತ್ತು. ಒಟ್ಟು 45ರಿಂದ 50. ಇನ್ನು 40 ಗ್ರಾಂ ಹೊಂದಿಸಿದರೆ ಆಯಿತು. ಅರ್ಧ ಲೀಟರ್ ಹಾಲಿಗೆ 16 ಗ್ರಾಂ, ಮೂರು ಮೊಟ್ಟೆಗೆ 18 ಗ್ರಾಂ, ಒಂದು ಹಿಡಿ ಅಂದರೆ ಸುಮಾರು 30 ಗ್ರಾಂ ಕಡಲೇಕಾಯಿ ಬೀಜಕ್ಕೆ 7 ಗ್ರಾಂ. ಅಲ್ಲಿಗೆ 41. ಡಬ್ಬ ಮುಟ್ಟದೆಯೇ ನಿಮ್ಮ ಗುರಿ ಮುಟ್ಟಿದ ಹಾಗಾಯಿತು. ಜೊತೆಗೆ ದಿನಕ್ಕೆ ಎರಡು ಬಾಳೆಹಣ್ಣು ಸೇರಿಸಿಕೊಂಡರೆ ಇದೆಲ್ಲಕ್ಕೂ ತಿಂಗಳಿಗೆ ಎರಡು ಸಾವಿರದ ಆಸುಪಾಸು ಖರ್ಚು.

ಪ್ರೋಟೀನ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆದರೆ ನಿಮ್ಮಂಥ ಸಣ್ಣ ಮೈಯವರು ಸೋಲುವುದು ಕ್ಯಾಲೊರಿಯಲ್ಲಿ. ನಿಮ್ಮ ವಯಸ್ಸು, ಎತ್ತರ, ತೂಕ, ನಾಲ್ಕು ದಿನದ ವ್ಯಾಯಾಮ ಎಲ್ಲ ಹಾಕಿ ನೋಡಿದರೆ ಈಗಿರುವ ತೂಕ ಹಾಗೇ ಉಳಿಯಲಿಕ್ಕೇ ಸುಮಾರು 2300 ಕ್ಯಾಲೊರಿ ಬೇಕು. ತೂಕ ಏರಬೇಕಾದರೆ 2600. ನಾನು ಮೇಲೆ ಹೇಳಿದ ಹಾಲು, ಮೊಟ್ಟೆ, ಕಡಲೇಕಾಯಿ, ಬಾಳೆಹಣ್ಣು ಸೇರಿದರೆ 850ಕ್ಕಿಂತ ಹೆಚ್ಚೇ ಸಿಗುತ್ತೆ. ಆದರೆ ಇವನ್ನೆಲ್ಲ ತಿಂದೆ ಅಂತ ಬೆಳಗಿನ ತಿಂಡಿ ಬಿಟ್ಟರೆ ಎಲ್ಲ ನೀರಲ್ಲಿ ಹೋಮ. ವಾರಕ್ಕೊಮ್ಮೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ. ತಿಂಗಳಿಗೆ ಒಂದು ಕೆಜಿ ಏರಿದರೆ ದಾರಿ ಸರಿ ಇದೆ. ಮೂರು ಕೆಜಿ ಏರಿದರೆ ಅದರಲ್ಲಿ ಬಹುಪಾಲು ಕೊಬ್ಬು.

ಮೆಸ್‌ನಲ್ಲಿ ಒಂದು ಕೆಲಸ ಮಾಡಿ. ಸಾಂಬಾರಿನ ಬೇಳೆಯೆಲ್ಲ ಪಾತ್ರೆಯ ತಳದಲ್ಲಿ ಕೂತಿರುತ್ತೆ. ಮೇಲಿಂದ ಬಡಿಸಿದರೆ ಬರುವುದು ಹುಳಿನೀರು, ಒಗ್ಗರಣೆ, ಎರಡು ನುಗ್ಗೆಕಾಯಿ. ಬಡಿಸುವ ಅಣ್ಣನಿಗೆ ಪ್ರೀತಿಯಿಂದ ಹೇಳಿ, ಸೌಟನ್ನು ತಳಕ್ಕೆ ಹಾಕಿ ಒಮ್ಮೆ ತಿರುವಿ ಬಡಿಸಲಿ. ಅದೇ ಬಟ್ಟಲಿನಲ್ಲಿ ಪ್ರೋಟೀನ್ ಎರಡರಷ್ಟಾಗುತ್ತೆ. ನನ್ನ ಹತ್ತಿರ ಬರುವ ಹಾಸ್ಟೆಲ್ ಮಕ್ಕಳಿಗೆಲ್ಲ ಮೊದಲು ಹೇಳುವುದೇ ಇದನ್ನ.

ಗರಡಿ_ಬೆಳಗಾವಿ

ತಮ್ಮಾ, ಮೇಡಂ ಹೇಳಿದ್ದು ಖರೇ ಐತಿ. ನಾ ಬೆಳಗಾವಿ ಕಡಿಯಾಂವ, ಗರಡಿ ಮನ್ಯಾಗ ಬೆಳದಾಂವ. ನಮ್ಮ ಕಾಲಕ್ಕ ಡಬ್ಬಿ ಪೌಡರ್ ಅಂದ್ರ ಏನಂತ ಗೊತ್ತಿರಲಿಲ್ಲ. ನಸಿಕಿನ್ಯಾಗ ಎದ್ದು ದಂಡ, ಬೈಠಕ್ ಹೊಡೆದು, ಮಟ್ಟಿ ಒಳಗ ಜೋಡಿ ಕೂಡ ಆಡಿ, ಆಮ್ಯಾಲ ಬಾದಾಮಿ ಅರದು ಮಾಡಿದ ಥಂಡಾಯಿ. ಮಧ್ಯಾಹ್ನ ಜೋಳದ ರೊಟ್ಟಿ, ಮಡಿಕಿಕಾಳ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ರಾತ್ರಿ ಮತ್ತ ಹಾಲು. ಇದರ ಮ್ಯಾಲೆ ಕಟ್ಟಿದ ಮೈ ನಮ್ದು.

ಆದ್ರ ಒಂದು ಮಾತು ನೆನಪಿಡು. ಹಳೇ ಪೈಲ್ವಾನರು ತುಪ್ಪ ಕುಡೀತಿದ್ರು ಅಂತ ಕೇಳಿ ನೀನೂ ವಾಟಗಾ ತುಂಬ ತುಪ್ಪ ಸುರುವಿಕೊಳ್ಳಾಕ ಹೋಗಬ್ಯಾಡ. ಅವರು ಮುಂಜಾನಿ ಸಂಜಿ ಎರಡೂ ಹೊತ್ತು ಬೆವರು ಸುರಿಸಿ ಅದನ್ನ ಕರಗಿಸ್ತಿದ್ರು. ಕುಸ್ತಿ ಬಿಟ್ಟ ಮ್ಯಾಲೂ ಅದ ಊಟ ಉಣಕೋತ ಹೋದವರಿಗೆ ಸಕ್ಕರಿ ರೋಗ, ಹೃದಯದ ತ್ರಾಸ ಬಂದದ್ದು ಕಣ್ಣಾರೆ ನೋಡೀನಿ. ನೀ ದಿನಾ ಆರೇಳು ತಾಸು ಕ್ಲಾಸಿನ್ಯಾಗ ಕುಂದ್ರಾಂವ. ಒಂದೆರಡು ಚಮಚ ತುಪ್ಪ ಸಾಕು. ಶೇಂಗಾ ಮಾತ್ರ ಬಿಡಬ್ಯಾಡ. ರಾತ್ರಿ ನೆನಿ ಇಟ್ಟು ಮುಂಜಾನಿ ತಿನ್ನು, ಬಾದಾಮಿಗಿಂತ ಪ್ರೋಟೀನ್ ಹೆಚ್ಚ ಐತಿ, ರೇಟೂ ಕಡಿಮಿ.

ದಾವಣಗೆರೆ_57ಕೆಜಿ

ಮೇಡಂ, ಅಣ್ಣ, ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮೂರು ಪ್ರಶ್ನೆ ಇದೆ. ಒಂದು, ಜಿಮ್‌ನಲ್ಲಿ ಸೀನಿಯರ್‌ಗಳು ಮೊಟ್ಟೆ ಹಸಿಯಾಗಿ ಒಡೆದು ಕುಡೀತಾರೆ, ಹಳದಿ ಎಸೀತಾರೆ. ಹಾಗೇ ಮಾಡಬೇಕಾ? ಎರಡು, ಸೋಯಾ ಚಂಕ್ಸ್ ತಿಂದ್ರೆ ಗಂಡಸರಿಗೆ ಹೆಣ್ಣಿನ ಹಾರ್ಮೋನ್ ಜಾಸ್ತಿ ಆಗುತ್ತಂತೆ ಹೌದಾ? ಮೂರು, ಮಾಸ್ ಗೇನರ್ ತಗೊಂಡ್ರೆ ಬೇಗ ತೂಕ ಬರುತ್ತೆ ಅಂತಾರಲ್ಲ?

ಕಬ್ಬಿಣದ_ಸಹವಾಸ

ನಾನು ಉತ್ತರ ಕೊಡ್ತೀನಿ, ಬಹಳ ವರ್ಷದಿಂದ ಭಾರ ಎತ್ತುತ್ತಾ ಬಂದವನು, ಈಗ ಬೆಂಗಳೂರಲ್ಲಿ ಹೊಸಬರಿಗೆ ಕಲಿಸ್ತೀನಿ.

ಹಸಿ ಮೊಟ್ಟೆ ಬೇಡವೇ ಬೇಡ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ನೂರಕ್ಕೆ ತೊಂಬತ್ತರಷ್ಟು ಮೈಗೆ ಹತ್ತುತ್ತೆ, ಹಸಿಯದ್ದು ಐವತ್ತರ ಹತ್ತಿರ. ಅದರ ಜೊತೆ ಸಾಲ್ಮೊನೆಲ್ಲಾ ಸೋಂಕಿನ ಭಯ ಬೇರೆ. ಹಳದಿ ಎಸೆಯೋದಂತೂ ದುಡ್ಡು ಎಸೆದ ಹಾಗೆ. ಒಂದು ಮೊಟ್ಟೆಯ ಪ್ರೋಟೀನ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಹಳದಿಯಲ್ಲೇ ಇರೋದು. ವಿಟಮಿನ್ ಡಿ, ಬಿ12, ಕೋಲೀನ್ ಎಲ್ಲ ಅಲ್ಲೇ. ಸ್ಪರ್ಧೆಗೆ ಕೊಬ್ಬು ಇಳಿಸೋರು ಕ್ಯಾಲೊರಿ ಲೆಕ್ಕ ಹಾಕಿ ಬಿಳಿಭಾಗ ಮಾತ್ರ ತಿಂತಾರೆ. 57 ಕೆಜಿ ಇದ್ದು ತೂಕ ಏರಿಸಬೇಕಾದವನಿಗೆ ಆ ಲೆಕ್ಕ ಯಾಕೆ? ಮನೆಯಲ್ಲಿ ಕೊಲೆಸ್ಟ್ರಾಲ್ ಸಮಸ್ಯೆ ವಂಶಪಾರಂಪರ್ಯವಾಗಿ ಇದ್ರೆ ಮಾತ್ರ ಡಾಕ್ಟರನ್ನ ಕೇಳಿ ತೀರ್ಮಾನ ಮಾಡು.

ಸೋಯಾ ಬಗ್ಗೆ ಹೆದರಿಕೆ ಬಿಡು. ಅದರಲ್ಲಿರೋ ಐಸೊಫ್ಲಾವೋನ್ ನೋಡೋಕೆ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಥರ ಇದ್ರೂ ಕೆಲಸ ತೀರಾ ದುರ್ಬಲ. ಗಂಡಸರ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ ಗಂಡಿನ ಹಾರ್ಮೋನ್ ಟೆಸ್ಟೋಸ್ಟೆರಾನ್ ಇಳಿದದ್ದು ಕಂಡಿಲ್ಲ. ಒಣ ಸೋಯಾ ಚಂಕ್ಸ್ ನೂರು ಗ್ರಾಂಗೆ 52 ಗ್ರಾಂ ಪ್ರೋಟೀನ್ ಇದೆ. ಮೊಟ್ಟೆ ತಿನ್ನೋಕಾಗದ ದಿನಕ್ಕೆ ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಹಾಸ್ಟೆಲ್‌ನಲ್ಲಿ ಒಲೆ ಇಲ್ಲ ಅಂತ ಯೋಚನೆ ಬೇಡ. 25 ಗ್ರಾಂ ಅಂದ್ರೆ ಒಂದು ದೊಡ್ಡ ಹಿಡಿ. ಡಬ್ಬಿಗೆ ಹಾಕಿ, ಮೆಸ್‌ನಿಂದ ಕುದಿಯೋ ನೀರು ಇಸ್ಕೊಂಡು ಮುಳುಗೋ ಹಾಗೆ ಸುರಿದು, ಚಿಟಿಕೆ ಉಪ್ಪು ಹಾಕಿ ಮುಚ್ಚಿಡು. ಕಾಲು ಗಂಟೆ ಕಳೆದ ಮೇಲೆ ಗಟ್ಟಿಯಾಗಿ ಹಿಂಡಿ, ತಣ್ಣೀರಲ್ಲಿ ಒಮ್ಮೆ ತೊಳೆದು ಮತ್ತೆ ಹಿಂಡು. ಎರಡನೇ ಸಲ ಹಿಂಡಿದಾಗಲೇ ಆ ಹಸಿವಾಸನೆ ಹೋಗೋದು. ಸಾಂಬಾರಿಗೆ ಹಾಕ್ಕೊಂಡ್ರೆ ಹುಳಿ ಖಾರ ಎಲ್ಲ ಹೀರಿಕೊಂಡು ಚೆನ್ನಾಗಿರುತ್ತೆ.

ಇನ್ನು ಮಾಸ್ ಗೇನರ್. ಡಬ್ಬ ತಿರುಗಿಸಿ ಹಿಂದಿನ ಪಟ್ಟಿ ಓದು. ಹೆಚ್ಚಿನವುಗಳಲ್ಲಿ ನೂರು ಗ್ರಾಂಗೆ 70 ಗ್ರಾಂಗೂ ಮೇಲೆ ಕಾರ್ಬೋಹೈಡ್ರೇಟ್, ಪ್ರೋಟೀನ್ 15ರಿಂದ 20. ಮೊದಲ ಪದಾರ್ಥ ಮಾಲ್ಟೋಡೆಕ್ಸ್‌ಟ್ರಿನ್ ಅಂತ ಇರುತ್ತೆ. ಅದು ಪಿಷ್ಟದಿಂದ ತೆಗೆದ ಪುಡಿ, ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಸೇರುತ್ತೆ. ಅದಕ್ಕೆ ಕೆಜಿಗೆ ಸಾವಿರಗಟ್ಟಲೆ ಕೊಡಬೇಕಾ? ಮನೆಯಿಂದ ರಾಗಿ ಹುರಿಹಿಟ್ಟು ತರಿಸ್ಕೋ. ಒಂದು ಲೋಟ ಹಾಲು, ಮೂರು ಚಮಚ ಹುರಿಹಿಟ್ಟು, ಹಿಚುಕಿದ ಬಾಳೆಹಣ್ಣು, ಒಂದು ಚಮಚ ಶೇಂಗಾ ಪುಡಿ, ಸ್ವಲ್ಪ ಬೆಲ್ಲ. ಮಿಕ್ಸಿನೂ ಬೇಡ, ಮುಚ್ಚಳ ಇರೋ ಬಾಟಲಿಯಲ್ಲಿ ಕುಲುಕಿದ್ರೆ ಸಾಕು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರಕ್ಕೂ ಹೆಚ್ಚು ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಯಾವ ಗೇನರ್‌ಗಿಂತಲೂ ಇದು ಮೇಲು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ.

ಬಿಸಿಎಎ ಪಟ್ಟಿಯಿಂದ ಪೂರ್ತಿ ಹೊಡೆದುಹಾಕು. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಅನ್ನೋ ಮೂರು ಅಮೈನೋ ಆಮ್ಲ ಅದು. ಹಾಲು ಮೊಟ್ಟೆ ತಿಂದ್ರೆ ಮೂರೂ ಸಿಗುತ್ತೆ, ಜೊತೆಗೆ ಉಳಿದ ಆರು ಅತ್ಯಗತ್ಯ ಅಮೈನೋ ಆಮ್ಲಗಳೂ ಸಿಗುತ್ತೆ. ಪ್ರಿ-ವರ್ಕೌಟ್‌ನಲ್ಲಿ ಕೆಲಸ ಮಾಡೋದು ಮುಖ್ಯವಾಗಿ ಕೆಫೀನ್. ಒಂದು ಲೋಟ ಫಿಲ್ಟರ್ ಕಾಫಿ ಕುಡಿದು ಹೋಗು. ಸಂಜೆ ತಡವಾಗಿ ಜಿಮ್‌ಗೆ ಹೋಗೋದಾದ್ರೆ ಅದೂ ಬೇಡ, ನಿದ್ದೆ ಕೆಡುತ್ತೆ. ಏಳೆಂಟು ಗಂಟೆ ನಿದ್ದೆ ಇಲ್ಲದವನಿಗೆ ಯಾವ ಊಟವೂ ಮೈಗೆ ಹತ್ತಲ್ಲ.

ಹಾಸನದ_ಅಪ್ಪ

ನಾನು ಜಿಮ್ಮಿಗೆ ಹೋಗುವವನಲ್ಲ. ಮಗ ಪಿಯುಸಿ ಮುಗಿಸಿದ್ದಾನೆ, ಮೊನ್ನೆ ವೇ ಪ್ರೋಟೀನ್ ಡಬ್ಬ ತಂದಿಟ್ಟುಕೊಂಡಿದ್ದಾನೆ. ಕಿಡ್ನಿ ಹೋಗುತ್ತೆ, ಅದರಲ್ಲಿ ಸ್ಟೀರಾಯ್ಡ್ ಇರುತ್ತೆ ಅಂತ ನೆಂಟರೆಲ್ಲ ಹೆದರಿಸುತ್ತಿದ್ದಾರೆ. ಮನೆಯಲ್ಲಿ ದಿನಾ ಜಗಳ. ಬಲ್ಲವರು ಸತ್ಯ ಏನು ಅಂತ ತಿಳಿಸಿ.

ಆಹಾರತಜ್ಞೆ_ಮೈಸೂರು

ಸರ್, ನಿಮ್ಮ ಆತಂಕ ಅರ್ಥವಾಗುತ್ತೆ. ಹಾಲು ಒಡೆಸಿ ಪನೀರ್ ಮಾಡುವಾಗ ಹಸಿರು ಛಾಯೆಯ ತಿಳಿನೀರು ಉಳಿಯುತ್ತಲ್ಲ, ಅದರಲ್ಲಿರುವ ಪ್ರೋಟೀನೇ ವೇ. ಚೀಸ್ ಕಾರ್ಖಾನೆಗಳಲ್ಲಿ ಉಳಿಯುವ ಅಂಥ ನೀರನ್ನು ಸೋಸಿ, ಒಣಗಿಸಿ ಪುಡಿ ಮಾಡುತ್ತಾರೆ. ಹಾಲಿನ ಪ್ರೋಟೀನ್‌ನಲ್ಲಿ ಐದನೇ ಒಂದು ಪಾಲು ಇದು, ಉಳಿದದ್ದು ಕೇಸೀನ್. ಸ್ಟೀರಾಯ್ಡ್‌ಗೂ ಇದಕ್ಕೂ ಸಂಬಂಧವಿಲ್ಲ.

ಕಿಡ್ನಿ ವಿಷಯ: ಆರೋಗ್ಯವಾಗಿರುವ ಕಿಡ್ನಿಯನ್ನು ಈ ಪ್ರಮಾಣದ ಪ್ರೋಟೀನ್ ಹಾಳು ಮಾಡಿದ್ದಕ್ಕೆ ಪುರಾವೆ ಇಲ್ಲ. ಆದರೆ ಕಿಡ್ನಿ ತೊಂದರೆ ಮೊದಲೇ ಇದ್ದವರಿಗೆ ಪ್ರೋಟೀನ್ ಮಿತಿ ಬಹಳ ಮುಖ್ಯ. ನಮ್ಮಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇರುವ ಮನೆಗಳು ಹೆಚ್ಚು, ಎಷ್ಟೋ ಜನಕ್ಕೆ ಕಿಡ್ನಿ ತೊಂದರೆ ಇರುವುದೇ ಗೊತ್ತಿರಲ್ಲ. ಹಾಗಾಗಿ ಮಗನಿಗೆ ಒಮ್ಮೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ), ಮೂತ್ರ ಪರೀಕ್ಷೆ ಮಾಡಿಸಿಬಿಡಿ. ವರದಿ ಸರಿ ಇದ್ದರೆ ದಿನಕ್ಕೊಂದು ಅಳತೆ ಚಮಚ ಹಾಕಿಕೊಳ್ಳುವುದಕ್ಕೆ ಜಗಳ ಬೇಡ.

ನಿಜವಾಗಿ ಹೆದರಬೇಕಾದದ್ದು ಡಬ್ಬದೊಳಗೆ ಬರೆದದ್ದೇ ಇದೆಯಾ ಅನ್ನುವುದಕ್ಕೆ. ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಉತ್ಪನ್ನಗಳನ್ನು ಪರೀಕ್ಷಿಸಿದ ವರದಿಯೊಂದು 2024ರಲ್ಲಿ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸುಮಾರು ನೂರಕ್ಕೆ ಎಪ್ಪತ್ತರಲ್ಲಿ ಪ್ರೋಟೀನ್ ಪ್ರಮಾಣ ಲೇಬಲ್‌ಗೆ ತಾಳೆಯಾಗಲಿಲ್ಲ. ಕೆಲವದರಲ್ಲಿ ಶಿಲೀಂಧ್ರದ ವಿಷ, ಕೀಟನಾಶಕದ ಅಂಶ ಕೂಡ ಸಿಕ್ಕಿತ್ತು. ಗಿಡಮೂಲಿಕೆ ಸೇರಿಸಿದ ಪೌಡರ್‌ಗಳ ಬಗ್ಗೆ ನನಗೆ ಹೆಚ್ಚು ಭಯ, ಅವು ಲಿವರಿಗೆ ಪೆಟ್ಟು ಕೊಡಬಹುದು. ಮೂಲಿಕೆ, ಎನ್‌ಜೈಮ್, ಹತ್ತಾರು ಬಣ್ಣದ ಹೆಸರು ಇರುವ ಡಬ್ಬ ಬಿಟ್ಟು ಪದಾರ್ಥಗಳ ಪಟ್ಟಿ ಚಿಕ್ಕದಾಗಿರುವುದನ್ನೇ ಆರಿಸಿ. ಅದೇ ವರ್ಷ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿ ಮೈ ಕಟ್ಟಲು ಪ್ರೋಟೀನ್ ಪೌಡರ್ ಬೇಡ ಅಂತಲೇ ಹೇಳಿದೆ. ನಾನು ಅಷ್ಟು ಕಟ್ಟುನಿಟ್ಟಾಗಿ ಹೇಳುವುದಿಲ್ಲ. ಊಟದಲ್ಲಿ ಹೊಂದಿಸಲು ಆಗದವರಿಗೆ ಅದು ಒಂದು ಅನುಕೂಲ. ಊಟಕ್ಕೆ ಬದಲಿ ಆಗಬಾರದು, ಅಷ್ಟೇ.

ಕುಡ್ಲದ_ಸುಮ

ನಾನು ಮಂಗಳೂರಿನವಳು, ವಯಸ್ಸು 34, ಇಬ್ಬರು ಮಕ್ಕಳು. ಇಲ್ಲಿ ಎಲ್ಲ ಹುಡುಗರ ಮಾತೇ ನಡೀತಾ ಉಂಟು, ಹೆಂಗಸರ ಬಗ್ಗೆಯೂ ಬರಲಿ ಅಂತ ಬರೀತಿದ್ದೇನೆ. ಭಾರ ಎತ್ತಿದರೆ ಗಂಡಸರ ಹಾಗೆ ಆಗ್ತೀ ಅಂತ ಅತ್ತಿಗೆ ನಾದಿನಿ ಎಲ್ಲ ಹೇಳಿದ್ದರು. ಹಾಗೆ ಏನೂ ಆಗ್ಲಿಕ್ಕಿಲ್ಲ, ನಮ್ಮಲ್ಲಿ ಟೆಸ್ಟೋಸ್ಟೆರಾನ್ ಅಷ್ಟು ಇರುವುದೇ ಇಲ್ಲ. ಬೆನ್ನು ನೋವು ಹೋಗಿದೆ, ನೀರಿನ ಕೊಡ ಎತ್ತುವಾಗ ಏದುಸಿರು ಇಲ್ಲ.

ಊಟಕ್ಕೆ ನಮಗೆ ಕಷ್ಟ ಇಲ್ಲ. ಬೂತಾಯಿ, ಬಂಗುಡೆ ಅಗ್ಗಕ್ಕೆ ಸಿಗ್ತದೆ, ನೂರು ಗ್ರಾಂ ಮೀನಿನಲ್ಲಿ ಹದಿನೆಂಟು ಇಪ್ಪತ್ತು ಗ್ರಾಂ ಪ್ರೋಟೀನ್, ಜೊತೆಗೆ ಒಮೆಗಾ-3. ನಾನು ಮಾಡಿದ ಬದಲಾವಣೆ ಎರಡೇ. ಹುರಿದು ತಿನ್ನುವುದನ್ನು ವಾರಕ್ಕೊಮ್ಮೆಗೆ ಇಳಿಸಿ, ಉಳಿದ ದಿನ ಹುಳಿ ಖಾರದ ಪುಳಿಮುಂಚಿ ಸಾರು. ತೆಂಗಿನಕಾಯಿ ಅರೆದ ಗಸಿಯೂ ದಿನಾ ಇಲ್ಲ. ಕುಚ್ಚಲಕ್ಕಿ ಅನ್ನ ಒಂದು ಸೌಟು ಕಡಿಮೆ, ಹುರುಳಿ ಸಾರಿನ ಕಾಳು ಒಂದು ಸೌಟು ಜಾಸ್ತಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಪ್ರೋಟೀನ್ ಪೌಡರ್ ಕೊಳ್ಳುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಎಷ್ಟೋ ಹೆಂಗಸರಿಗೆ ಜಿಮ್‌ನಲ್ಲಿ ಸುಸ್ತಾಗುವುದು ರಕ್ತ ಕಡಿಮೆ ಇರುವುದರಿಂದ. ಊಟ ಆದ ಕೂಡಲೇ ಚಾ ಕುಡಿಯುವುದು ಬಿಡಿ, ಊಟದ ಕಬ್ಬಿಣದಂಶ ಮೈಗೆ ಸೇರ್ಲಿಕ್ಕೆ ಅದು ಬಿಡುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ.

ಕಬ್ಬಿಣದ_ಸಹವಾಸ

ಸುಮ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಹತ್ರ ಕಲಿಯೋ ಹೆಣ್ಣುಮಕ್ಕಳಿಗೂ ಮೊದಲು ಅದನ್ನೇ ಹೇಳ್ತೀನಿ.

ದಾವಣಗೆರೆ ತಮ್ಮನಿಗೆ ಇನ್ನೊಂದು ಮಾತು. ಎರಡು ಸಾವಿರ ಊಟಕ್ಕೆ ಹಾಕಿ, ಸಾವಿರ ಉಳಿಯುತ್ತೆ ಅಂದ್ರೆ ಅದರಲ್ಲಿ ಕೊಳ್ಳೋಕೆ ಯೋಗ್ಯವಾದದ್ದು ಕ್ರಿಯಾಟಿನ್ ಮೊನೊಹೈಡ್ರೇಟ್ ಒಂದೇ. ಅದೂ ಈಗಲೇ ಬೇಡ, ಒಂದೆರಡು ತಿಂಗಳು ಊಟ ವ್ಯಾಯಾಮ ಹಳಿಗೆ ಬರಲಿ. ಕ್ರಿಯಾಟಿನ್ ಸ್ನಾಯುವಿನೊಳಗೆ ತಕ್ಷಣದ ಶಕ್ತಿಯನ್ನ ಮತ್ತೆ ತುಂಬೋಕೆ ಸಹಾಯ ಮಾಡುತ್ತೆ. ಎಂಟು ಸಲ ಎತ್ತಿ ನಿಲ್ಲಿಸೋ ಕಡೆ ಒಂಬತ್ತನೇದು ಎತ್ತಬಹುದು. ದಿನಾ ಆ ಒಂದೊಂದು ಹೆಚ್ಚಾದ್ರೆ ಅದೇ ಲಾಭ. ಮಾಂಸ ಮೀನಿನಲ್ಲಿ ಅದು ಇರೋದರಿಂದ ತಿನ್ನದವರ ಸ್ನಾಯುವಿನಲ್ಲಿ ಮೊದಲೇ ಕಡಿಮೆ ಇರುತ್ತೆ, ಹಾಗಾಗಿ ನಿನ್ನಂಥವರಿಗೆ ಪರಿಣಾಮ ಚೆನ್ನಾಗಿ ಕಾಣುತ್ತೆ.

ದಿನಕ್ಕೆ 3ರಿಂದ 5 ಗ್ರಾಂ, ಜಿಮ್ ಇಲ್ಲದ ದಿನವೂ. ಹೊತ್ತು ಗೊತ್ತು ನೋಡಬೇಕಾಗಿಲ್ಲ. ಮೊದಲ ವಾರ 20 ಗ್ರಾಂ ಹಾಕೋ ಲೋಡಿಂಗ್ ಮಾಡದಿದ್ರೂ ಮೂರ್ನಾಲ್ಕು ವಾರದಲ್ಲಿ ಅದೇ ಮಟ್ಟಕ್ಕೆ ಬರುತ್ತೆ. ಉಗುರುಬೆಚ್ಚಗಿನ ನೀರಲ್ಲಿ ಬೇಗ ಕರಗುತ್ತೆ. ಮೊದಲ ದಿನಗಳಲ್ಲಿ ಒಂದು ಕೆಜಿ ತನಕ ತೂಕ ಏರಿದ್ರೆ ಅದು ಸ್ನಾಯು ಹಿಡಿದಿಟ್ಟ ನೀರು. ಕ್ರಿಯಾಟಿನ್‌ನಲ್ಲೇ ಎಚ್‌ಸಿಎಲ್, ದ್ರವ ರೂಪ, ಬಣ್ಣಬಣ್ಣದ ಹೆಸರಿನ ಬೇರೆ ಬಗೆಗಳು ದುಬಾರಿ ಮಾತ್ರ, ಮೊನೊಹೈಡ್ರೇಟ್‌ಗಿಂತ ಹೆಚ್ಚೇನೂ ಮಾಡಲ್ಲ. ಕೂದಲು ಉದುರುತ್ತೆ ಅನ್ನೋ ಮಾತು 2009ರಲ್ಲಿ ದಕ್ಷಿಣ ಆಫ್ರಿಕಾದ ಕೆಲವೇ ರಗ್ಬಿ ಆಟಗಾರರ ಮೇಲೆ ಮಾಡಿದ ಒಂದು ಸಣ್ಣ ಅಧ್ಯಯನದಿಂದ ಹುಟ್ಟಿದ್ದು. ಅದರಲ್ಲಿ ನೋಡಿದ್ದು ಹಾರ್ಮೋನ್ ಮಟ್ಟ, ಕೂದಲನ್ನ ಯಾರೂ ಅಳೆದಿರಲಿಲ್ಲ.

ದಾವಣಗೆರೆ_57ಕೆಜಿ

ಅಣ್ಣ, ಇದನ್ನ ಇಲ್ಲಿ ಕೇಳಬಹುದೋ ಇಲ್ವೋ ಗೊತ್ತಿಲ್ಲ. ನಿನ್ನೆ ಜಿಮ್‌ನಲ್ಲಿ ಒಬ್ಬ ಸೀನಿಯರ್, ಪೌಡರ್‌ನಿಂದ ಏನೂ ಆಗಲ್ಲ, ಒಂದು ಕೋರ್ಸ್ ಇಂಜೆಕ್ಷನ್ ತಗೋ, ಮೂರು ತಿಂಗಳಲ್ಲಿ ಮೈ ಬದಲಾಗುತ್ತೆ ಅಂದ. ವರ್ಕೌಟ್‌ಗೆ ಮುಂಚೆ ಹಾಕ್ಕೊಳ್ಳೋ ಇನ್ನೊಂದು ಇಂಜೆಕ್ಷನ್ ಇದೆ, ಪಂಪ್ ಸಖತ್ತಾಗಿ ಬರುತ್ತೆ ಅಂತಾನೂ ಹೇಳಿದ. ಅವನ ಮೈ ನೋಡಿದ್ರೆ ನಿಜವಾಗ್ಲೂ ಆಸೆ ಆಗುತ್ತೆ.

ಮೆಡಿಕಲ್_ಶಾಪ್_ತುಮಕೂರು

ಇದನ್ನು ಕೇಳಿದ್ದು ತುಂಬಾ ಒಳ್ಳೆಯದಾಯಿತು. ನಾನು ಫಾರ್ಮಸಿಸ್ಟ್, ತುಮಕೂರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ. ಚೀಟಿ ಇಲ್ಲದೆ ಟೆಸ್ಟೋಸ್ಟೆರಾನ್, ಡೆಕಾ ಅನ್ನುವ ಸ್ಟೀರಾಯ್ಡ್ ಇಂಜೆಕ್ಷನ್ ಕೇಳಿಕೊಂಡು ಹದಿನೆಂಟು ಇಪ್ಪತ್ತರ ಹುಡುಗರು ಬರುತ್ತಾರೆ. ಕೊಡುವುದಿಲ್ಲ ಅಂದರೆ ಬೇರೆ ಕಡೆ ಸಿಗುತ್ತೆ ಅಂತ ಹೋಗುತ್ತಾರೆ. ನನಗೆ ಹೊಟ್ಟೆ ಉರಿಯುತ್ತೆ.

ಹೊರಗಿನಿಂದ ಹಾರ್ಮೋನ್ ಸುರಿದರೆ ಮಿದುಳು ವೃಷಣಗಳಿಗೆ ಕೊಡುವ ಆಜ್ಞೆಯನ್ನೇ ನಿಲ್ಲಿಸಿಬಿಡುತ್ತೆ. ವೃಷಣ ಕುಗ್ಗುತ್ತೆ, ವೀರ್ಯಾಣು ಕುಸಿಯುತ್ತೆ. ಕೋರ್ಸ್ ನಿಲ್ಲಿಸಿದ ಮೇಲೆ ಸ್ವಂತ ಹಾರ್ಮೋನ್ ವಾಪಸ್ ಬರಲು ತಿಂಗಳುಗಳೇ ಬೇಕು, ಕೆಲವರಿಗೆ ಪೂರ್ತಿ ಬರುವುದೇ ಇಲ್ಲ. ಹೆಚ್ಚಾದ ಟೆಸ್ಟೋಸ್ಟೆರಾನ್‌ನಲ್ಲಿ ಒಂದಷ್ಟು ಈಸ್ಟ್ರೋಜನ್ ಆಗಿ ಮಾರ್ಪಟ್ಟು ಹುಡುಗರಿಗೆ ಎದೆಯಲ್ಲಿ ಗಂಟು ಬೆಳೆಯುತ್ತೆ, ಅದು ಬಲಿತರೆ ತೆಗೆಯಲು ಹೆಚ್ಚಾಗಿ ಆಪರೇಷನ್ನೇ ಗತಿ. ಒಳ್ಳೆಯ ಕೊಲೆಸ್ಟ್ರಾಲ್ ಪಾತಾಳಕ್ಕೆ ಇಳಿಯುತ್ತೆ, ಹೃದಯದ ಗೋಡೆ ದಪ್ಪವಾಗುತ್ತೆ. ಮಾತ್ರೆ ರೂಪದವು ಲಿವರನ್ನು ಸುಡುತ್ತವೆ. ಇಪ್ಪತ್ತರ ವಯಸ್ಸಲ್ಲಿ ನಿನ್ನ ಮೈಯೇ ಜೀವಮಾನದಲ್ಲೇ ಅತಿ ಹೆಚ್ಚು ಹಾರ್ಮೋನ್ ತಯಾರಿಸುತ್ತಿರುತ್ತೆ. ಅದನ್ನು ನೀನೇ ಯಾಕೆ ನಿಲ್ಲಿಸುತ್ತೀಯಾ?

ಆ ಎರಡನೆಯ ಇಂಜೆಕ್ಷನ್ ಮೆಫೆಂಟರ್‌ಮೀನ್ ಇರಬೇಕು. ಅದು ಆಪರೇಷನ್ ಹೊತ್ತಿಗೆ ರೋಗಿಯ ಬಿಪಿ ಕುಸಿದಾಗ ಅರಿವಳಿಕೆ ವೈದ್ಯರು ಕೊಡುವ ಔಷಧ. ಆರೋಗ್ಯವಂತನಿಗೆ ಹಾಕಿದರೆ ಬಿಪಿ ಜಿಗಿಯುತ್ತೆ, ಎದೆಬಡಿತ ಹದ ತಪ್ಪುತ್ತೆ. ಚಟ ಹಿಡಿಯುತ್ತೆ. ಇಲ್ಲದ ದನಿ ಕೇಳುವುದು, ಎಲ್ಲರ ಮೇಲೂ ಅನುಮಾನ ಪಡುವುದು ಶುರುವಾಗಿ ಮನೋವೈದ್ಯರ ಹತ್ತಿರ ಹೋದವರಿದ್ದಾರೆ. ಸೂಜಿ ಹಂಚಿಕೊಂಡರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಬೇರೆ. ಆ ಸೀನಿಯರ್ ಒಳ್ಳೆಯವನೇ ಇರಬಹುದು, ಆದರೆ ಅವನ ರಕ್ತಪರೀಕ್ಷೆಯ ವರದಿ ನಿನಗೆ ಕನ್ನಡಿಯಲ್ಲಿ ಕಾಣುವುದಿಲ್ಲ. ಈಗಾಗಲೇ ಯಾರಾದರೂ ಹಾಕಿಕೊಂಡಿದ್ದರೆ ತಾವೇ ಮದ್ದು ಮಾಡಿಕೊಳ್ಳದೆ, ನಾಚಿಕೆ ಬಿಟ್ಟು ಹಾರ್ಮೋನ್ ತಜ್ಞರನ್ನು ಕಾಣಿ. ಅವರು ಬೈಯುವುದಿಲ್ಲ, ದಾರಿ ತೋರಿಸುತ್ತಾರೆ.

ಓಟಗಾರ್ತಿ_ಧಾರವಾಡ

ಯೂನಿವರ್ಸಿಟಿ ಮಟ್ಟದಾಗ ಆಡೋರು ಇಲ್ಲಿದ್ರ ಒಂದು ಮಾತು ಸೇರಸ್ತೀನಿ. ನಾಡಾ ಅಂದ್ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯವರು ಮೂತ್ರದ ಮಾದರಿ ತಗೊಂಡಾಗ ನಿಷೇಧಿತ ವಸ್ತು ಸಿಕ್ರ, ಪೌಡರ್‌ನ್ಯಾಗ ಇತ್ತು ನಂಗ ಗೊತ್ತಿರಲಿಲ್ಲ ಅಂದ್ರ ಬಿಡೂದಿಲ್ಲ. ಮೈಯಾಗ ಏನು ಸೇರಿದ್ರೂ ಜವಾಬ್ದಾರಿ ಆಟಗಾರಂದ. ಬಾಡಿಬಿಲ್ಡಿಂಗ್, ವೇಟ್‌ಲಿಫ್ಟಿಂಗ್ ಸ್ಪರ್ಧಾಕ್ಕ ಹೋಗೋ ಆಸೆ ಇದ್ರ ಪರೀಕ್ಷೆ ಆದ ಬ್ಯಾಚ್ ಅಂತ ಗುರುತು ಇರೋ ಡಬ್ಬಿ ಬಿಟ್ಟು ಬ್ಯಾರೆ ಮುಟ್ಟಬ್ಯಾಡ್ರಿ. ಫ್ಯಾಟ್ ಬರ್ನರ್ ಅಂತೂ ಹತ್ರ ಸೇರಿಸಬ್ಯಾಡ್ರಿ.

ಶ್ರಾವಣ_ಸಸ್ಯಾಹಾರಿ

ಶ್ರಾವಣ ಮಾಸ ಪೂರ್ತಿ ಮನೆಯಲ್ಲಿ ಮೊಟ್ಟೆ ಮಾಂಸ ಒಲೆ ಹತ್ತಿರ ಬರಲ್ಲ. ಆ ತಿಂಗಳು ಏನು ಮಾಡೋದು?

ಆಹಾರತಜ್ಞೆ_ಮೈಸೂರು

ಮೂರು ಮೊಟ್ಟೆಯ ಜಾಗಕ್ಕೆ ನೂರು ಗ್ರಾಂ ಪನೀರ್ ಇಡಿ, ಲೆಕ್ಕ ಸರಿಹೋಗುತ್ತೆ. ಖರ್ಚು ಕಡಿಮೆ ಬೇಕಾದರೆ 35 ಗ್ರಾಂ ಸೋಯಾ. ಮೊಳಕೆ ಹೆಸರುಕಾಳಿನ ಉಸಲಿ, ಅಲಸಂದೆ, ಅವರೆಕಾಳು, ಹುರಿಗಡಲೆ ಎಲ್ಲ ಬಳಸಿ. ಉಪವಾಸದ ದಿನ ಭಾರದ ವ್ಯಾಯಾಮ ಬಿಟ್ಟು ನಡಿಗೆಗೆ ಹೋಗಿ. ಒಂದು ತಿಂಗಳಿಗೆ ಕಟ್ಟಿದ ಮೈ ಕರಗುವುದಿಲ್ಲ.

ಕಬ್ಬಿಣದ_ಸಹವಾಸ

ಮುಂದೆ ಯಾವತ್ತಾದ್ರೂ ವೇ ಕೊಳ್ಳೋರು ಡಬ್ಬ ಹೇಗೆ ನೋಡಬೇಕು ಅಂತ ಬರೆದುಬಿಡ್ತೀನಿ, ಈ ಪ್ರಶ್ನೆ ದಿನಾ ಬರುತ್ತೆ. ಮುಂದಿನ ದೊಡ್ಡ ಅಕ್ಷರ ನಂಬಬೇಡಿ. ಹಿಂದೆ ಒಂದು ಸ್ಕೂಪ್ ಎಷ್ಟು ಗ್ರಾಂ, ಅದರಲ್ಲಿ ಪ್ರೋಟೀನ್ ಎಷ್ಟು ಅಂತ ನೋಡಿ ಭಾಗಿಸಿ. 33 ಗ್ರಾಂ ಸ್ಕೂಪ್‌ಗೆ 24 ಗ್ರಾಂ ಇದ್ರೆ ನೂರಕ್ಕೆ 73, ಕಾನ್ಸಂಟ್ರೇಟ್ ಅಂದ್ರೆ ಕಡಿಮೆ ಸೋಸಿದ ಸಾದಾ ವೇಗೆ ಅದು ಚೆನ್ನಾಗಿದೆ. ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್ ಅಂತ ಬೇರೆಯಾಗಿ ಸೇರಿಸಿದ್ರೆ ಕೆಳಗಿಟ್ಟು ಬನ್ನಿ. ಪ್ರಯೋಗಾಲಯದಲ್ಲಿ ಪ್ರೋಟೀನ್ ಅಳೆಯೋದು ಸಾರಜನಕ ಲೆಕ್ಕ ಹಾಕಿ. ಅಗ್ಗದ ಅಮೈನೋ ಆಮ್ಲ ಬೆರೆಸಿ ಆ ಸಂಖ್ಯೆಯನ್ನ ಉಬ್ಬಿಸ್ತಾರೆ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಹೊರದೇಶದ್ದಾದ್ರೆ ಆಮದು ಮಾಡಿದವರ ಹೆಸರು ವಿಳಾಸ ಇರಲೇಬೇಕು. ಬಿಲ್ ಕೊಡಲ್ಲ ಅಂದ್ರೆ ಜಿಮ್‌ನಲ್ಲಾಗಲಿ ಅಂಗಡಿಯಲ್ಲಾಗಲಿ ತಗೋಬೇಡಿ. ಸಡಿಲ ಪುಡಿ ಪ್ಯಾಕೆಟ್ ಎಷ್ಟೇ ಅಗ್ಗ ಇದ್ರೂ ಬೇಡ. ಹಾಲು ಕುಡಿದ್ರೆ ಹೊಟ್ಟೆ ಉಬ್ಬರಿಸೋರು ಇನ್ನೂ ಹೆಚ್ಚು ಸೋಸಿದ ಐಸೊಲೇಟ್ ನೋಡಿ, ಅದರಲ್ಲಿ ಹಾಲಿನ ಸಕ್ಕರೆ ಲ್ಯಾಕ್ಟೋಸ್ ತೀರಾ ಕಡಿಮೆ.

ದಾವಣಗೆರೆ_57ಕೆಜಿ

ಎಲ್ರಿಗೂ ಕೈ ಮುಗಿದೆ. ಇಂಜೆಕ್ಷನ್ ವಿಷಯ ತಲೆಯಿಂದ ತೆಗೆದುಹಾಕಿದೆ. ಇವತ್ತು ಶೇಂಗಾ, ಸೋಯಾ ತಂದೆ, ಬೆಳಗಿನ ಹಾಲಿಗೂ ಹೇಳಿದ್ದೀನಿ. ಕ್ರಿಯಾಟಿನ್ ಎರಡು ತಿಂಗಳು ಬಿಟ್ಟು ನೋಡ್ತೀನಿ. ಮೇಡಂ, ಅದಕ್ಕೆ ಮುಂಚೆ ನಾನೂ ರಕ್ತ ಪರೀಕ್ಷೆ ಮಾಡಿಸಬೇಕಾ? ಯಾವುದ್ಯಾವುದು?

ಆಹಾರತಜ್ಞೆ_ಮೈಸೂರು

ಮಾಡಿಸಿ. ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಕ್ರಿಯಾಟಿನಿನ್, ಲಿವರ್ ಪರೀಕ್ಷೆ. ಮಾಂಸ ತಿನ್ನದವರಿಗೆ ಬಿ12 ಕಡಿಮೆ ಇರುವುದು ಬಹಳ ಸಾಮಾನ್ಯ. ಕಡಿಮೆ ಇದ್ದರೆ ಡಾಕ್ಟರ್ ಹೇಳಿದ ಮಾತ್ರೆ ಸಾಕು, ಆ ದುಬಾರಿ ಮಲ್ಟಿವಿಟಮಿನ್ ಬೇಡ. ಕ್ರಿಯಾಟಿನ್ ಶುರು ಮಾಡುವ ಮೊದಲೇ ಪರೀಕ್ಷೆ ಆಗಲಿ. ಅದನ್ನು ತೆಗೆದುಕೊಳ್ಳುವಾಗ ಕಿಡ್ನಿಗೆ ಏನೂ ಆಗದಿದ್ದರೂ ರಕ್ತದಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿ ಕಾಣಿಸಬಹುದು. ಮುಂದೆ ಯಾವಾಗ ರಕ್ತ ಕೊಟ್ಟರೂ ಕ್ರಿಯಾಟಿನ್ ತಗೋತಿದ್ದೀನಿ ಅಂತ ಡಾಕ್ಟರಿಗೆ ಹೇಳಿ.

ಪರೀಕ್ಷೆಗೆ ಮುಂಚೆ ಎರಡು ಮೂರು ದಿನ ಜಿಮ್‌ಗೆ ರಜೆ ಹಾಕಿ, ಅದರಲ್ಲೂ ಕಾಲಿನ ಭಾರದ ವ್ಯಾಯಾಮ ಬೇಡ. ಕಷ್ಟದ ವ್ಯಾಯಾಮ ಆದ ಮೇಲೆ ಸ್ನಾಯುವಿನಿಂದಲೇ ಎಸ್‌ಜಿಒಟಿ, ಎಸ್‌ಜಿಪಿಟಿ (ಲಿವರ್ ಪರೀಕ್ಷೆಯಲ್ಲಿ ಅಳೆಯುವ ಎನ್‌ಜೈಮ್‌ಗಳು) ಸೋರಿ ರಕ್ತಕ್ಕೆ ಬರುತ್ತೆ. ವರದಿ ನೋಡಿ ಲಿವರ್ ಕೆಟ್ಟಿದೆ ಅಂತ ಸುಮ್ಮನೆ ಗಾಬರಿಯಾಗುತ್ತೀರಿ. ವರದಿ ಬಂದ ಮೇಲೆ ಬಿ12, ವಿಟಮಿನ್ ಡಿ ಸಂಖ್ಯೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.